ಬೀಗಮುದ್ರೆ ಬಿದ್ದ ಬೆಕ್ಕು

"ಎಂಟೇ ಎಂಟು ದಿನ! ಎಂಟು ದಿನದಾಗ ಈ ಬೆಕ್ಕನ್ನ ಹುಲಿ ಮಾಡಿ ಸುರಪುರದ ಬಜಾರದಾಗ ತಿರುಗಸದಿದ್ರ ನನ್ನ ಹೆಸರು ಅಯ್ಯಣ್ಣನ ಅಲ್ಲ!" ಎಂದು ಹೆಂಡತಿ ಶಂಕ್ರಮ್ಮನ ಮುಂದೆ ಮೀಸೆ ತಿರುವಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೆಸರು ಹಂಗ ಇರಲಿ ಬಿಡ್ರಿ. ರೇಷನ್ ಚೀಟಿ ಮ್ಯಾಲ ಬರದಾರ."

ಬೆಕ್ಕು ಜೋಳ ತುಂಬುವ ಗುಮ್ಮಿಯ ಹಿಂದೆ ಸೇರಿಕೊಂಡಿತ್ತು. ನಮಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಮನೆಗೆ ಬಂದು ಎರಡು ದಿನವಾದರೂ ನನ್ನೆದುರು ಒಂದು ತುತ್ತು ಮುಟ್ಟಿರಲಿಲ್ಲ. ಎಲುಬು ಎಣಿಸುವಷ್ಟು ಬಡಕಲಾಗಿತ್ತು. ಹೀಗೇ ಬಿಟ್ಟರೆ ಸಾಯುತ್ತದೆ ಎಂಬುದು ನನಗೂ ಗೊತ್ತಿತ್ತು. ಸತ್ತರೆ ಆ ಪಾಪ ಯಾರ ತಲೆಗೆ ಬರುತ್ತದೆ ಎಂಬುದೂ ಗೊತ್ತಿತ್ತು!

ಹೇಳಿಯೇ ಬಿಡುತ್ತೇನೆ. ನಿಜಾಮರ ಸರಕಾರ ಹೋಗಿ ಹೊಸ ಸರಕಾರ ಬಂದ ಹೊಸತು. ನಾನು ತಹಶೀಲ್ ಕಚೇರಿಯಲ್ಲಿ ಕಾಗದಪತ್ರ ಇಡುವ ದಫ್ತರದ ಕೋಣೆಯ ಕಾರಕೂನ. ಹಳೆಯ ತಹಶೀಲ್ದಾರರು ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು, ಹೊಸಬರು ಬರಲು ನಾಲ್ಕು ದಿನವಿತ್ತು. ಅಲ್ಲಿಯವರೆಗೆ ದಫ್ತರಕ್ಕೆ ಕೀಲಿ ಜಡಿದು, ಅರಗಿನ ಮೊಹರು ಒತ್ತಿ ಕಾಯಬೇಕೆಂದು ಹುಕುಂ ಆಯಿತು. ಇಡೀ ಹೈದರಾಬಾದ್ ಸಂಸ್ಥಾನವನ್ನು ನಾನೊಬ್ಬನೇ ಹಸ್ತಾಂತರ ಮಾಡುತ್ತಿರುವವನಂತೆ ಶೇರವಾನಿಯ ಗುಂಡಿ ಹಾಕಿಕೊಂಡು, ಅರಗು ಕರಗಿಸಿ, ಠಪ್ಪೆಂದು ಮೊಹರು ಒತ್ತಿದೆ. ಒಳಗೆ ಕೆಂಪು ಬಟ್ಟೆಯ ಕಟ್ಟುಗಳ ನಡುವೆ ಒಂದು ಬೆಕ್ಕು ಮಲಗಿತ್ತು. ನಾನು ನೋಡಿರಲಿಲ್ಲ.

ನೋಡದಿದ್ದದ್ದು ತಪ್ಪಲ್ಲ. ಆದರೆ ಸಂಜೆಯೊಳಗೆ ಅದು ಕೂಗತೊಡಗಿತು. ಕಚೇರಿಯ ಜವಾನ ಸುಲ್ತಾನಸಾಬ ಓಡಿ ಬಂದ. "ಕಾರಕೂನ ಸಾಬ, ಒಂದ ನಿಮಿಷ ತೆಗೀರಿ. ಒಳಗ ಜೀವ ಐತ್ರಿ!"

"ಮೊಹರು ಮುರದ್ರ ನನ್ನ ನೌಕರಿ ಮುರೀತೈತಿ! ಬೆಕ್ಕಿಗೇನು, ಅದಕ್ಕ ಮ್ಯಾಲಿನವರ ಅಂಜಿಕಿ ಐತೇನು?" ಎಂದು ಗದರಿದೆ.

ನಾಲ್ಕು ದಿನ! ಗಂಟೆಗೊಮ್ಮೆ ಸೊಂಟದ ಕೀಲಿಕೈ ಗೊಂಚಲು ಝಣಝಣ ಆಡಿಸುತ್ತಾ ಹೋಗಿ ಮೊಹರು ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಕೀಲಿಕೈ ಸದ್ದು ಕೇಳಿದಾಗಲೆಲ್ಲ ಒಳಗಿನಿಂದ ಬಾಗಿಲು ಕೆರೆಯುವ ಸದ್ದು. ತೆಗೆಯುತ್ತಾನೆ ಎಂದುಕೊಳ್ಳುತ್ತಿತ್ತೋ ಏನೋ. ಮೂರನೆಯ ದಿನಕ್ಕೆ ಆ ದನಿ ಸಣ್ಣದಾಯಿತು. ನನಗೆ ಕೇಳಿಸಿತ್ತು. ನನ್ನ ಕಿವಿಗಳು ಚೆನ್ನಾಗಿಯೇ ಇವೆ.

ಹೊಸ ಸಾಹೇಬರು ಬಂದು ಬಾಗಿಲು ತೆಗೆಸಿದಾಗ ಬೆಕ್ಕು ಅವರ ಕಾಲ ನಡುವಿನಿಂದ ನುಗ್ಗಿ ಬಂತು. "ಅಯ್ಯೋ ಪಾಪ! ಯಾರಾದರೂ ಮನೆಗೆ ಒಯ್ದು ಸಾಕಬಾರದೇ?" ಎಂದರು ಸಾಹೇಬರು. ಮೊದಲು ಮೇಲೆದ್ದ ಕೈ ಯಾರದೆಂದು ಬೇರೆ ಹೇಳಬೇಕೇ! ಮನೆಯಲ್ಲಿ ಹೆಂಡತಿಗೆ ಕಥೆಯನ್ನು ಕೊಂಚ ತಿದ್ದಿ ಹೇಳಿದೆ: ಬೆಕ್ಕಿನ ಕೂಗು ಕೇಳಿ ಎದೆ ಒಡೆದ ಅಯ್ಯಣ್ಣ, ನೌಕರಿಯನ್ನೂ ಲೆಕ್ಕಿಸದೆ, ಹೆಗಲು ಕೊಟ್ಟು ಬಾಗಿಲು ಮುರಿದ!

ಶಂಕ್ರಮ್ಮ ನನ್ನ ಹೆಗಲನ್ನು ಮೇಲಿಂದ ಕೆಳಗೆ ನೋಡಿದಳು. "ಈ ಹೆಗಲೇನ್ರಿ?" ಎಂದಳು, ಅಷ್ಟೇ.

ಚಿಕಿತ್ಸೆ ಶುರುವಾಯಿತು. ತಿಂಥಣಿಯ ಗುಡಿಗೆ ಹೋಗಿ ಅಂಜಿಕೆ ಬಿಡಿಸುವ ದಾರ ತಂದೆ. ಅದನ್ನು ಕೊರಳಿಗೆ ಕಟ್ಟಲು ಹೋದಾಗ ಬೆಕ್ಕು ನನ್ನ ಗಲ್ಲದ ಮೇಲೆ ಐದು ಗೆರೆ ಎಳೆಯಿತು. ಕಚೇರಿಯಲ್ಲಿ "ಕ್ಷೌರದ ಕತ್ತಿ ತಾಗಿತು" ಎಂದೆ. "ಒಮ್ಮೆಲೇ ಐದು ಕತ್ತಿ ಹಿಡಿದಿದ್ದಿರೇನು?" ಎಂದರು ಹೊಸ ಸಾಹೇಬರು.

ಬೆಕ್ಕು ಮನೆಗೆ ಬಂದ ಆರನೆಯ ದಿನ ನನಗೊಂದು ಮಹಾ ಯೋಚನೆ ಹೊಳೆಯಿತು. ಮುಚ್ಚಿದ ಜಾಗದಲ್ಲಿ ಹುಟ್ಟಿದ ಅಂಜಿಕೆಯನ್ನು ಮುಚ್ಚಿದ ಜಾಗದಲ್ಲೇ ಬಿಡಿಸಬೇಕು! ಬಿದಿರಿನ ದೊಡ್ಡ ಬುಟ್ಟಿಯನ್ನು ಬೆಕ್ಕಿನ ಮೇಲೆ ಬೋರಲು ಹಾಕಿದೆ. "ನಿನಗೇನೂ ಆಗೂದಿಲ್ಲವ್ವಾ, ನಾ ಅದೀನಿ" ಎಂದು ಸಮಾಧಾನ ಹೇಳುತ್ತಾ ಪಕ್ಕದಲ್ಲಿ ಕುಕ್ಕರಿಸಿದೆ. ಸೊಂಟದ ಕೀಲಿಕೈ ಝಣ್ ಎಂದಿತು.

ಬುಟ್ಟಿ ಓಡತೊಡಗಿತು!

ಮೊದಲು ಹಿಟ್ಟಿನ ಪರಾತಕ್ಕೆ ಡಿಕ್ಕಿ ಹೊಡೆದು ಅಡಿಗೆಮನೆಯನ್ನೆಲ್ಲ ಬೆಳ್ಳಗೆ ಮಾಡಿತು. ಮಜ್ಜಿಗೆಯ ಗಡಿಗೆ ಉರುಳಿಸಿತು. ಹೊಸ್ತಿಲು ಹಾರಿ ಓಣಿಗೆ ಇಳಿಯಿತು. ಹಿಂದೆ ನಾನು, ಮೈತುಂಬ ಹಿಟ್ಟು, ಸೊಂಟದಲ್ಲಿ ಝಣಝಣ! ಎದುರುಮನೆಯ ಹಣಮಂತಮ್ಮ "ಬುಟ್ಟಿಗೆ ದೆವ್ವ ಹೊಕ್ಕೈತ್ರೋ!" ಎಂದು ಕಿರುಚಿ ಕೊಡ ಕೈಬಿಟ್ಟಳು. ನಾನು ಜೋರಾಗಿ ಓಡಿದಷ್ಟೂ ಬುಟ್ಟಿಯೂ ಜೋರಾಗಿ ಓಡಿತು. ಓಣಿಗೆ ಓಣಿಯೇ ಕಟ್ಟೆ ಹತ್ತಿ ನಿಂತು ನೋಡಿತು.

"ಅಣ್ಣಾ, ನೀವು ನಿಂದರ್ರಿ!" ಎಂದು ಕೂಗಿದಳು ಹಣಮಂತಮ್ಮ. "ನೀವು ನಿಂತ್ರ ಬುಟ್ಟಿ ನಿಂದರ್ತೈತಿ!"

ನಿಂತೆ. ಬುಟ್ಟಿಯೂ ನಿಂತಿತು. ಒಂದು ಹೆಜ್ಜೆ ಇಟ್ಟೆ, ಝಣ್! ಬುಟ್ಟಿ ಒಂದು ಮೊಳ ಹಿಂದೆ ಸರಿಯಿತು. ಓಣಿಯ ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ನಗುತ್ತಲೇ ಸೊಂಟದ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಆ ಬೆಕ್ಕಿಗೆ ಕತ್ತಲೆಯ ಅಂಜಿಕೆ ಇರಲಿಲ್ಲ, ಕೋಣೆಯ ಅಂಜಿಕೆಯೂ ಇರಲಿಲ್ಲ. ಅದು ಅಂಜುತ್ತಿದ್ದದ್ದು ನನಗೆ. ಬಾಗಿಲ ತನಕ ಬಂದೂ ತೆಗೆಯದೆ ತಿರುಗಿ ಹೋಗುತ್ತಿದ್ದ ಆ ಕೀಲಿಕೈಗಳಿಗೆ.

ಅವತ್ತೇ ಹೆಂಡತಿಗೆ ನಿಜ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅದರ ಬದಲು ಮುಂದೆ ಐದು ದಿನ ಕೀಲಿಕೈಗಳನ್ನು ರುಮಾಲಿನಲ್ಲಿ ಸುತ್ತಿ, ಸೊಂಟಕ್ಕೆ ಬಿಗಿದು ತಿರುಗಿದೆ. ಆದರೂ ನನ್ನ ಮುಖ ಕಂಡರೆ ಬೆಕ್ಕು ಗುಮ್ಮಿಯ ಹಿಂದೆ!

ಹನ್ನೊಂದನೆಯ ದಿನ ಸಂಜೆ ಕಚೇರಿ ಬಿಟ್ಟು ಮನೆಗೆ ಬಂದೆ. ಕೀಲಿಕೈಗಳ ಸದ್ದೇ ಇಲ್ಲದ್ದರಿಂದ ಒಳಗಿದ್ದವರಿಗೆ ನಾನು ಬಂದದ್ದು ತಿಳಿಯಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ, ನಮ್ಮ ಬೆಕ್ಕು ನನ್ನ ಹಾಸಿಗೆಯ ಮೇಲೆ, ನನ್ನದೇ ತಲೆದಿಂಬಿನ ಮೇಲೆ, ಕಾಲು ಚಾಚಿ ಬಿದ್ದುಕೊಂಡಿತ್ತು! ಸುಲ್ತಾನಸಾಬನ ಹೆಂಡತಿ ಇಮಾಮಬೀ ಅದಕ್ಕೆ ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸುತ್ತಿದ್ದಳು.

"ನಮ್ಮವ್ರು ನಾಕೂ ದಿನ ಹಾಲಾಗ ಅರಬಿ ಚಿಂದಿ ತೋಯಿಸಿ ಬಾಗಲಾ ಕೆಳಗಿನ ಸಂದ್ಯಾಗ ಸರಸ್ಯಾರವ್ವ" ಎನ್ನುತ್ತಿದ್ದಳು ಇಮಾಮಬೀ. "ಇದು ಒಳಗಿಂದ ಚೀಪಿ ಜೀವ ಹಿಡದೈತಿ. ಯಾರಿಗೂ ಹೇಳಬ್ಯಾಡ, ಕಾರಕೂನರ ಮರ್ಯಾದಿ ಹೋಗ್ತೈತಿ ಅಂದಾರ."

"ಇವರು ಬಾಗಲಾ ಮುರದಿಲ್ಲಂತ ನೀ ಮೊದಲನೇ ದಿನಾನ ಹೇಳಿಯಲ್ಲವ್ವ" ಎಂದಳು ಶಂಕ್ರಮ್ಮ. "ಅವರಾಗೇ ಹೇಳಲಿ ಅಂತ ದಾರಿ ನೋಡಾಕತ್ತೇನಿ. ಹಗಲೆಲ್ಲ ಚೆಂದಂಗ ಉಂಡು ಆಡತೈತಿ ಬೆಕ್ಕು. ಇವರು ಬರೂ ಹೊತ್ತಿಗೆ ಅಡಗತೈತಿ. ನಂಗ ಬೆಕ್ಕಿನ ಕಾಳಜಿ ಇಲ್ಲ ಈಗ, ಇವರದ ಕಾಳಜಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು! ನೌಕರಿ ಹೋಗುವ ಅಂಜಿಕೆ ಸುಲ್ತಾನಸಾಬನಿಗೂ ಇತ್ತು. ಅವನದು ನನ್ನದಕ್ಕಿಂತ ಸಣ್ಣ ನೌಕರಿ. ಮೊಹರೂ ಉಳಿಯಿತು, ಜೀವವೂ ಉಳಿಯಿತು, ಕೊನೆಗೆ ನನ್ನ ಮಾನವನ್ನೂ ಅವನೇ ಉಳಿಸಿದ್ದ. ಬಾಗಿಲ ಕೆಳಗೆ ಸಂದಿಯಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಒಳಗೆ ಹೋದೆ. ಬೆಕ್ಕು ಗುಮ್ಮಿಯ ಹಿಂದೆ ಹೋಯಿತು. ಇಮಾಮಬೀ ಮುಖದ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಸರಿದಳು.

"ಶಂಕ್ರಿ, ನಾ ಬಾಗಲಾ ಮುರದಿಲ್ಲ" ಎಂದೆ.

"ನನಗ್ಯಾಕ ಹೇಳ್ತೀರಿ? ನಾ ಒಳಗ ಸಿಕ್ಕಿದ್ನೇನು? ಒಳಗಿದ್ದವರಿಗೆ ಹೇಳ್ರಿ."

ಟೋಪಿ ತೆಗೆದಿಟ್ಟೆ. ಶೇರವಾನಿ ಸಮೇತ ನೆಲಕ್ಕೆ ಕೈ ಮಂಡಿ ಊರಿ ಗುಮ್ಮಿಯ ಸಂದಿಗೆ ಮುಖ ಒಡ್ಡಿದೆ. "ತಾಯೀ, ನಂಗ ಕೇಳಿಸಿತ್ತು. ಮೊದಲನೇ ದಿನಾನ ಕೇಳಿಸಿತ್ತು. ನೌಕರಿ ಹೋಗ್ತೈತಂತ ಅಂಜಿದ್ನಿ. ನಿನಗಿಂತ ಹೆಚ್ಚು ಅಂಜಿದ್ನಿ. ತಪ್ಪಾತು."

ಎಷ್ಟೋ ಹೊತ್ತು ಹಾಗೆಯೇ ಬಾಗಿದ್ದೆ. ಆಮೇಲೆ ಬೆಕ್ಕು ಮೆಲ್ಲಗೆ ಹೊರಬಂತು. ನನ್ನ ಕೈ ಮೂಸಿತು. ಹೆಗಲ ಮೇಲೆ ಒಂದು ಕಾಲಿಟ್ಟಿತು. ಇನ್ನೊಂದನ್ನೂ ಇಟ್ಟು ನನ್ನ ಬೆನ್ನ ಮೇಲೆ ಹತ್ತಿ ನಿಂತಿತು!

"ಶಂಕ್ರೀ!" ಕಣ್ಣಲ್ಲಿ ನೀರು ತುಂಬಿ ಕೂಗಿದೆ. "ನೋಡಿದೇನ? ಮಾಫಿ ಮಾಡೈತಿ!"

ಮೇಲೆ ಏನೋ ತೂಗಾಡಿದ ಸದ್ದು. ನನ್ನ ಕೊರಳ ಮೇಲೆ ಹನಿ ಹನಿ ತಣ್ಣಗೆ ಬಿತ್ತು. ಇಮಾಮಬೀ ಸೆರಗಿನೊಳಗೇ ಕಿಸಕ್ಕನೆ ನಕ್ಕಳು.

"ಮಾಫಿ ಗೀಫಿ ಏನಿಲ್ರಿ" ಎಂದಳು ಶಂಕ್ರಮ್ಮ. "ನಿಮ್ಮ ತಲಿ ಮ್ಯಾಲ ನೆಲುವಿನ್ಯಾಗ ಹಾಲಿನ ಗಡಗಿ ಐತಿ. ಮುಟ್ಟಾಕ ಅದಕ್ಕ ಹತ್ತಿ ನಿಲ್ಲಾಕ ಒಂದು ಮಣಿ ಬೇಕಾಗಿತ್ತು. ಅಲುಗಾಡಬ್ಯಾಡ್ರಿ, ಕುಡೀಲಿ!"

ಅದು ಕುಡಿದು ಮುಗಿಸುವ ತನಕ ನಾನು ಅಲುಗಾಡಲಿಲ್ಲ.