ಕಾಕಾನ ಗಾಜಿನ ಸಂಸಾರ

ನಮ್ಮ ಕಾಕಾ ಬೆಳೆದ ಯಾವ ತರಕಾರಿಯೂ ತಾಜಾ ಇರುವಾಗ ಯಾರ ಬಾಯಿಗೂ ಬಿದ್ದದ್ದನ್ನು ನಾನು ಕಂಡಿಲ್ಲ! ಬದನೆ, ಟೊಮೆಟೊ, ಹಸಿಮೆಣಸು, ನಿಂಬೆ, ಪಾಪ, ಎಲ್ಲಕ್ಕೂ ಒಂದೇ ಗತಿ: ಗಾಜಿನ ಬಾಟಲಿ.

ಧಾರವಾಡದಿಂದ ಬಂದು ಕೋಲ್ಕತ್ತಾದಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಕಾಕಾ, ಗರಿಯಾಹಾಟಿನ ಹತ್ತಿರದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಒಬ್ಬರೇ ಇದ್ದಾರೆ. ತಾರಸಿಯೇ ಅವರ ತೋಟ. ಬಂಗಾಳಿಯಲ್ಲೂ ಕಾಕಾ ಎಂದರೆ ಚಿಕ್ಕಪ್ಪನೇ ಆದ್ದರಿಂದ ಇಡೀ ಕಟ್ಟಡಕ್ಕೇ ಅವರು ಕಾಕಾ. ಕೆಲಸ ಸಿಕ್ಕಿ ಈ ಊರಿಗೆ ಬಂದ ನಾನು ಅವರ ಮನೆ ಸೇರಿದೆ. ನನಗೆಂದು ಕೊಟ್ಟ ಕಪಾಟು ತೆರೆದರೆ, ಮೇಲಿಂದ ಕೆಳಗಿನವರೆಗೆ ಉಪ್ಪಿನಕಾಯಿ!

"ಕಾಕಾ, ನನ್ನ ಬಟ್ಟಿ ಎಲ್ಲಿಡ್ಲಿ?"

"ಅವೇನು ಕೆಡೂದಿಲ್ಲಲ್ಲ, ಸೂಟ್‌ಕೇಸಿನ್ಯಾಗ ಇರ್ಲಿ ಬಿಡವಾ!"

ಖಾಲಿ ಬಾಟಲಿ ಕಂಡರಂತೂ ಅವರಿಗೆ ಜೀವ. ಕೆಳಮನೆಯಾಕೆಯನ್ನು ಎಲ್ಲರೂ ಬೌದಿ, ಅಂದರೆ ಅತ್ತಿಗೆ ಎನ್ನುತ್ತಾರೆ. ಆಕೆಗೊಮ್ಮೆ ಕೆಮ್ಮು ಬಂತು. ಕಾಕಾ ದಿನಾ ಇಳಿದುಹೋಗಿ, ಜೇನುತುಪ್ಪ ತಿನ್ನಿ, ಚೆನ್ನಾಗಿ ತಿನ್ನಿ ಎಂದು ಉಪದೇಶಿಸಿದರು. ಬೌದಿಯ ಕಣ್ಣು ತುಂಬಿ ಬಂತು. ಕೊನೆಗೊಂದು ದಿನ ಕಾಕಾ ತಡೆಯಲಾರದೆ ಕೇಳಿಯೇಬಿಟ್ಟರು, "ಇನ್ನೂ ಎಷ್ಟು ಉಳಿದಿದೆ?"

"ಕೆಮ್ಮಾ?"

"ಅಲ್ಲ, ಜೇನು!"

ಇನ್ನೊಂದು ಮಧ್ಯಾಹ್ನ ಕಟ್ಟಡವೆಲ್ಲ ನಿದ್ದೆಯಲ್ಲಿದ್ದಾಗ 'ಢಂ' ಎಂದು ಸದ್ದಾಯಿತು. ಅವಸರದಲ್ಲಿ ಬಾಟಲಿಯನ್ನು ಕುದಿಸದೆಯೇ ಟೊಮೆಟೊ ತುಂಬಿದ್ದರು. ಅದು ಒಳಗೇ ಹುದುಗು ಬಂದು, ಮುಚ್ಚಳ ಹಾರಿ, ಅಡುಗೆಮನೆಯ ಸೂರೆಲ್ಲ ಕೆಂಪು! ಬೌದಿ ಓಡಿ ಬಂದರು. "ಏನು ಕಾಕಾ, ಕಾಳಿಪೂಜೆ ಇನ್ನೂ ದೂರವಿದೆ, ಈಗಲೇ ಪಟಾಕಿಯೇ?" ಕಾಕಾ ಸೂರಿನತ್ತ ಬೆರಳು ತೋರಿಸಿ ನನ್ನತ್ತ ತಿರುಗಿದರು. "ನೋಡವಾ, ಜ್ವಾಲಾಮುಖಿ ಅಂದ್ರ ಹಿಂಗ!" ಮೇಷ್ಟರಿಗೆ ನಿವೃತ್ತಿ ಎಂಬುದುಂಟೆ?

ಆಮೇಲೆ ಬಂತು ಚಂಡಮಾರುತ. ರಾತ್ರಿಯೆಲ್ಲ ಕಿಟಕಿಗಳು ಬಡಿದುಕೊಂಡವು. ಬೆಳಗಾದರೆ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ರಸ್ತೆಗೆ ಅಡ್ಡಲಾಗಿ ಮರಗಳು, ಬಜಾರು ಬಂದ್. ಕಾಕಾ ಚೀಲದ ತುಂಬ ಬಾಟಲಿ ಹೊತ್ತು ಮನೆಮನೆಯ ಬಾಗಿಲು ತಟ್ಟಿದರು. ಅಂದು ಇಡೀ ಕಟ್ಟಡ ಬಿಸಿ ಅನ್ನಕ್ಕೆ ಅವರ ಬದನೆ, ಟೊಮೆಟೊ ಕಲಸಿಕೊಂಡು ಉಂಡಿತು. ಖಾರಕ್ಕೆ ಮೂಗು ಒರೆಸಿಕೊಂಡವರೇ ಎಲ್ಲರೂ!

ಊಟಕ್ಕೆ ಕರೆಯಲು ನಾನು ತಾರಸಿಗೆ ಹೋದೆ. ಒಡೆದ ಕುಂಡಗಳ ನಡುವೆ ಕಾಕಾ ಕೂತಿದ್ದರು. ಬುಡಸಮೇತ ಕಿತ್ತುಬಿದ್ದ, ಎಲೆಯೂ ಘಮ್ಮೆನ್ನುವ ಬಂಗಾಳದ ಗಂಧರಾಜ ನಿಂಬೆಯ ಬೇರಿಗೆ ಕೈಯಿಂದ ಮಣ್ಣು ಒತ್ತುತ್ತಿದ್ದರು.

"ನಿಮ್ಮ ಕಾಕು ಹಚ್ಚಿದ್ದು," ಎಂದರು. ಕಟ್ಟಡಕ್ಕೆಲ್ಲ ಕಾಕಿಮಾ ಆಗಿದ್ದ, ಈಗ ತೀರಿಕೊಂಡ ಹೆಂಡತಿಯ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ನಾನು ಪಕ್ಕದಲ್ಲಿ ಕೂತು ಗಿಡವನ್ನು ನೆಟ್ಟಗೆ ಹಿಡಿದುಕೊಂಡೆ. ಅಷ್ಟರಲ್ಲಿ ಬೌದಿ ಏದುಸಿರು ಬಿಡುತ್ತ ಮೇಲೆ ಬಂದರು. ಕೈಯಲ್ಲಿ ಹಳೆಯ ಡಬ್ಬಿ, ಅದರಲ್ಲಿ ಮೊಳದೆತ್ತರದ ನಿಂಬೆ ಗಿಡ.

"ಕಾಕಿಮಾ ಒಮ್ಮೆ ಹಣ್ಣು ಕೊಟ್ಟಿದ್ದರು. ಬೀಜ ಎಸೆಯೋಕೆ ಮನಸ್ಸು ಬರಲಿಲ್ಲ."

ಕಾಕಾ ಒಂದು ಎಲೆ ಕಿತ್ತು, ಹಿಸುಕಿ ಮೂಸಿದರು. ಆಮೇಲೆ ಮಣ್ಣಿನ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಮೂಸಿ ನೋಡವಾ. ಅದೇ ವಾಸ್ನಿ."