ಗಿರಿಜಕ್ಕನ ಇಂಗ್ಲಿಷೂ ನಾನು ಹಾರಿಸಿದ ಪುಟವೂ

ಒಬ್ಬೊಬ್ಬರಿಗೆ ಒಂದೊಂದರ ಹೆದರಿಕೆ. ಕೆಲವರಿಗೆ ಹಲ್ಲಿ, ಕೆಲವರಿಗೆ ಹೆಂಡತಿಯ ಅಣ್ಣ. ನನಗೆ ಇಂಗ್ಲಿಷಿನ ಪುಟಾಣಿ ಪದಗಳು. ಅಪ್, ಆಫ್, ಔಟ್, ಓವರ್. ನೋಡಲು ಪಾಪದವು. ಆದರೆ ಒಂದು ಒಳ್ಳೆಯ ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡವೋ, ಆ ಕ್ರಿಯಾಪದ ನನ್ನ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತದೆ. 'ಗಿವ್' ಎಂದರೆ ಕೊಡು, 'ಗೇವ್' ಎಂದರೆ ಕೊಟ್ಟ. ಇಲ್ಲಿಯವರೆಗೆ ನಾನು ಧೈರ್ಯವಂತ. 'ಗೇವ್ ಅಪ್' ಎಂದರೆ ಕೈಬಿಟ್ಟ, 'ಗೇವ್ ಇನ್' ಎಂದರೆ ಸೋತು ಒಪ್ಪಿದ, 'ಗೇವ್ ಅವೇ' ಎಂದರೆ ದಾನ ಮಾಡಿದ, ಸಂದರ್ಭ ನೋಡಿ ಗುಟ್ಟು ಬಿಟ್ಟುಕೊಟ್ಟ. ಕೊಟ್ಟವನೊಬ್ಬನೇ, ಅವನ ಗತಿ ನೋಡಿ!

ನಾನು ನಾರಾವಿಯ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಇಂಗ್ಲಿಷಿನ ಹುದ್ದೆ ಖಾಲಿ ಬಿದ್ದ ವರ್ಷ ಮುಖ್ಯೋಪಾಧ್ಯಾಯರು, "ನೀವು ಸ್ವಲ್ಪ ಸುಧಾರಿಸಿ ಮಾರಾಯ್ರೆ, ಎರಡು ತಿಂಗಳ ಮಾತು" ಎಂದರು. ಆ ಎರಡು ತಿಂಗಳಿಗೆ ಈಗ ಒಂಬತ್ತನೇ ವರ್ಷ ನಡೆಯುತ್ತಿದೆ. ಪುಸ್ತಕದಲ್ಲಿ ಈ ಪುಟಾಣಿ ಪದಗಳ ಪಾಠ ಬಂದಾಗ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿ, "ಇದು ಸುಲಭ ಉಂಟು, ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದೆ ಹೋಗುವುದು ನನ್ನ ಕ್ರಮ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹೀಗೆ ನೆಮ್ಮದಿಯಲ್ಲಿದ್ದ ನನ್ನ ಅಂಗಳಕ್ಕೆ ಒಂದು ಸಂಜೆ ನೆರೆಮನೆಯ ಗಿರಿಜಕ್ಕ ಬಂದರು. ಬೀಡಿ ಕಟ್ಟುವವರು, ಐವತ್ತರ ಹತ್ತಿರದ ಪ್ರಾಯ. ಹುಡುಗಿಯಾಗಿದ್ದಾಗ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಉಳಿದದ್ದೆಲ್ಲ ಪಾಸಾಗಿತ್ತು. ಈಗ ಬೀಡಿಯ ಕೆಲಸ ವಾರಕ್ಕೆ ಎರಡು ಮೂರು ದಿನಕ್ಕೆ ಇಳಿದಿದೆ. ಮೂಡುಬಿದಿರೆಯ ಹುಡುಗಿಯರ ಹಾಸ್ಟೆಲೊಂದರಲ್ಲಿ ವಾರ್ಡನ್ನರ ಸಹಾಯಕಿಯ ಕೆಲಸ ಇದೆ, ಹತ್ತನೆಯದು ಪಾಸಾಗಿದ್ದರೆ ಕೊಡುತ್ತಾರೆ, ಮುಂದಿನ ಶಾಲಾ ವರ್ಷದವರೆಗೆ ಕಾಯುತ್ತಾರೆ. "ಒಂದು ಇಂಗ್ಲಿಷಿಗೋಸ್ಕರ ಇಷ್ಟು ವರ್ಷ ಕೂತೆ ಸರ್. ನೀವು ಹೇಳಿಕೊಟ್ರೆ ಬರೆಯುತ್ತೇನೆ. ಇಲ್ಲದಿದ್ರೆ ಇನ್ನು ಈ ಜನ್ಮದಲ್ಲಿ ಬರೆಯುವುದಿಲ್ಲ" ಎಂದರು. ಅವರ ಮುಖ ನೋಡಿ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಜೊತೆಗೆ, ಇಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ಪಾಠ ಅವರ ಜಗಲಿಯಲ್ಲೇ. ಮಡಿಲಲ್ಲಿ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಎದುರಿಗೆ ಗೋಡೆಗೆ ಒರಗಿಸಿಟ್ಟ ಪುಸ್ತಕ. ಪುಸ್ತಕ ತೆರೆದಿರುವಷ್ಟು ಹೊತ್ತು ಕನ್ನಡ, ಮುಚ್ಚಿದ ಮೇಲೆ ತುಳು. ಬೆರಳು ತನ್ನಷ್ಟಕ್ಕೆ ಬೀಡಿ ಸುತ್ತುತ್ತಿತ್ತು, ಬಾಯಿ ನನ್ನನ್ನು ಸುತ್ತುತ್ತಿತ್ತು. ನಾನು ಎಂದಿನಂತೆ ಎರಡು ಹಾಳೆ ಮಗುಚಿದೆ. "ಸರ್, ನಡುವೆ ಒಂದು ಪುಟ ಉಳಿಯಿತಲ್ಲ?" ಎಂದರು. ಒಂಬತ್ತು ವರ್ಷಗಳಲ್ಲಿ ಯಾವ ಮಗುವೂ ಕೇಳದ ಪ್ರಶ್ನೆ. ಎಲೆಯ ಅಡಿಯಲ್ಲಿ ಎಲೆ ಸಿಕ್ಕಿಕೊಂಡದ್ದನ್ನು ಬೆರಳಲ್ಲೇ ಕಂಡುಹಿಡಿಯುವ ಹೆಂಗಸಿನ ಹತ್ತಿರ ಈ ಆಟ ನಡೆಯುತ್ತದೆಯೇ?

"ಟುಕ್ ಅಂದ್ರೆ ತೆಗೆದುಕೊಂಡ ಅಂತ ನೀವೇ ಹೇಳಿದ್ದು. ಮತ್ತೆ ಟುಕ್ ಆಫ್ ಅಂದ್ರೆ ವಿಮಾನ ಹಾರುವುದು ಹೇಗೆ ಸರ್?"

"ಅದು ಹಾಗೆಯೇ ಗಿರಿಜಕ್ಕ. ಅವರ ಭಾಷೆ, ಅವರ ವಿಮಾನ."

ಅವರು ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ, "ನಮ್ಮಲ್ಲೂ ಉಂಟಲ್ಲ. ಹಾಲು ಚೆಲ್ಲಿಹೋಯಿತು ಅಂತೇವೆ. ಅದು ಎಲ್ಲಿಗೆ ಹೋಯಿತು? ಅಲ್ಲೇ ನೆಲದ ಮೇಲೆ ಇರ್ತದೆ" ಎಂದರು. ನಾನು ಇದನ್ನು ಮೊದಲೇ ಯೋಚಿಸಿದ್ದವನಂತೆ ತಲೆಯಾಡಿಸಿದೆ. ಅಂದಿನಿಂದ ಅವರು ಪುಟಾಣಿ ಪದಗಳನ್ನು ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡರು. 'ಪುಟ್'ನದ್ದು ಒಂದು ಕಟ್ಟು, 'ಲುಕ್ಡ್'ನದ್ದು ಒಂದು ಕಟ್ಟು, ದಿನಕ್ಕೆ ಇಷ್ಟು ಎಂದು. ಮರುದಿನದ ಪಾಠಕ್ಕೆ ನಾನು ಮನೆಯಲ್ಲಿ ಡಿಕ್ಷನರಿ ಹಿಡಿದು ಕೂರುವುದನ್ನು ಕಂಡು ನನ್ನ ಹೆಂಡತಿ, "ಪರೀಕ್ಷೆ ಯಾರಿಗೆ, ಅವರಿಗೋ ನಿಮಗೋ?" ಎಂದು ಕೇಳಿದಳು. ನಾನು ಡಿಕ್ಷನರಿಯ ಹಾಳೆ ಮಗುಚಿದೆ.

ಪರೀಕ್ಷೆ ಬೆಳ್ತಂಗಡಿಯಲ್ಲಿ. ನಾನೂ ಹೋಗಿದ್ದೆ, ಗೇಟಿನ ಹೊರಗೆ ಮೂರು ಚಾ ಕುಡಿದೆ. ಗಿರಿಜಕ್ಕ ಹೊರಗೆ ಬಂದಾಗ ಮುಖ ಬಿಳುಚಿಕೊಂಡಿತ್ತು. ಆದದ್ದು ಇಷ್ಟು. ಪಕ್ಕದ ಬೆಂಚಿನಲ್ಲಿ ತೋಡಾರಿನ ಒಬ್ಬ ಹೆಂಗಸು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳಂತೆ. ಇವರು ಬಗ್ಗಿ, ಎರಡು ಉತ್ತರ ಹೇಳಿದರು. ಮೇಲ್ವಿಚಾರಕಿ ಕಂಡರು. ಇನ್ನೊಮ್ಮೆ ಬಾಯಿ ತೆರೆದರೆ ಪೇಪರ್ ಕಿತ್ತುಕೊಳ್ಳುತ್ತೇನೆ ಎಂದು ಗದರಿಸಿ ಇವರನ್ನು ಎಬ್ಬಿಸಿ ಮೂಲೆಯಲ್ಲಿ ಕೂರಿಸಿದರು. ಆ ಗಡಿಬಿಡಿಯಲ್ಲಿ ಪತ್ರ ಬರೆಯುವ ಪ್ರಶ್ನೆ ಅರ್ಧಕ್ಕೇ ನಿಂತಿತು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮದು ಹೋಗಿದ್ದರೆ? ಹಾಸ್ಟೆಲಿನ ಕೆಲಸ ಹೋಗಿದ್ದರೆ? ಅವಳು ಯಾರು ನಿಮಗೆ?"

"ಯಾರೂ ಅಲ್ಲ ಸರ್. ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋದಾಗ ಯಾರದ್ದಾದ್ರೂ ಲೆಕ್ಕಕ್ಕೆ ಕಮ್ಮಿ ಬಿದ್ರೆ ಪಕ್ಕದವರು ಎರಡು ಕಟ್ಟು ಸೇರಿಸ್ತೇವೆ. ಜ್ವರ ಗಿರ ಇರ್ತದಲ್ಲ. ಕೇಳಲಿಕ್ಕೆ ಉಂಟಾ? ಇಲ್ಲಿಯೂ ಹಾಗೆಯೇ ಕೈ ಹೋಯಿತು. ಪರೀಕ್ಷೆ ಅಂತ ನೆನಪಾಗುವಾಗ ಬಾಯಿ ಹೇಳಿ ಆಗಿತ್ತು."

ನಾನು ಬಸ್ಸಿನಲ್ಲಿ ನಾರಾವಿಯವರೆಗೂ ಪ್ರಾಮಾಣಿಕತೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಪರೀಕ್ಷೆ ಎಂದರೇನು, ಸ್ವಂತ ಬುದ್ಧಿ ಎಂದರೇನು, ಇನ್ನೊಬ್ಬರ ಬಾಯಿಂದ ಬಂದದ್ದನ್ನು ತನ್ನದೆಂದು ಬರೆಯುವುದು ಎಂಥ ನಾಚಿಕೆಗೇಡು. ಎದುರಿನ ಸೀಟಿನವರು ಕೂಡ ತಿರುಗಿ ಕೇಳಿದರು. ಗಿರಿಜಕ್ಕ ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡರು. ಆದರೂ ಉಪನ್ಯಾಸ ನಿಲ್ಲಿಸಲಿಲ್ಲ, ಅದು ವೃತ್ತಿಯ ದೋಷ.

ಫಲಿತಾಂಶ ಬರುವವರೆಗೆ ಇಬ್ಬರಿಗೂ ಸರಿಯಾಗಿ ಊಟ ಸೇರಲಿಲ್ಲ. ಪಾಸಾಯಿತು, ಅಂಚಿನಲ್ಲಿ ಕಾಲಿಟ್ಟು ದಾಟಿದ ಹಾಗೆ. ಅವರು ನಗುತ್ತ ಅತ್ತರು. ನಾನು ಶಾಲೆಯಲ್ಲಿ, ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, "ನನ್ನ ವಿದ್ಯಾರ್ಥಿನಿ" ಎಂದು ಹೇಳಿಕೊಂಡು ತಿರುಗಿದೆ.

ಹಾಸ್ಟೆಲಿನ ಸಂದರ್ಶನಕ್ಕೆ ಜೊತೆಗೆ ಬನ್ನಿ ಎಂದರು. ಇಸ್ತ್ರಿ ಅಂಗಿ ಹಾಕಿಕೊಂಡು ಮೂಡುಬಿದಿರೆಗೆ ಹೋದೆ. ಮ್ಯಾನೇಜರ್ ಮೇಡಂ ಬೇರೆ ಊರಿನವರು, ಕನ್ನಡ ಆಗಷ್ಟೇ ಕಲಿಯುತ್ತಿದ್ದರು. ಇಂಗ್ಲಿಷ್ ಮಾತ್ರ ನಲ್ಲಿ ಬಿಟ್ಟ ಹಾಗೆ. ಗಿರಿಜಕ್ಕನನ್ನು ನಾಲ್ಕು ಮಾತು ಕೇಳಿ, ಅವರು ತಡವರಿಸುತ್ತ ಕೊಟ್ಟ ಉತ್ತರಕ್ಕೆ ತಲೆಯಾಡಿಸಿ, ಥಟ್ಟನೆ ನನ್ನ ಕಡೆ ತಿರುಗಿದರು. "ಸೋ ಸರ್, ವೈ ಡಿಡ್ ಶೀ ಪುಟ್ ಇಟ್ ಆಫ್ ಫಾರ್ ಸೋ ಮೆನಿ ಇಯರ್ಸ್?"

'ಪುಟ್' ಕೇಳಿತು, 'ಆಫ್' ಕೇಳಿತು. ನಡುವೆ ಒಂದು 'ಇಟ್' ಬಂದು ಕೂತದ್ದೇ ನನ್ನ ಡಿಕ್ಷನರಿಯ ಶ್ರಮವೆಲ್ಲ ನೀರಾಯಿತು. ಏನನ್ನು ಇಟ್ಟರು, ಏನನ್ನು ಆಫ್ ಮಾಡಿದರು? ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಮೇಡಂ ಕಾಯುತ್ತಿದ್ದರು. ಈ ಮಾಸ್ತರನ ಬಂಡವಾಳ ಇಷ್ಟೇ ಎಂದಾದರೆ ಇವನು ತಯಾರು ಮಾಡಿದವರ ಕಥೆ ಏನು ಎಂದು ಅವರಿಗೆ ಅನಿಸದೆ ಇರುತ್ತದೆಯೇ? ನನ್ನ ಮರ್ಯಾದೆಯ ಜೊತೆ ಗಿರಿಜಕ್ಕನ ಕೆಲಸವೂ ಹೋಗುವುದರಲ್ಲಿತ್ತು.

ಪಕ್ಕದಿಂದ ತುಟಿ ಅಲ್ಲಾಡದ ಹಾಗೆ ದನಿ ಬಂತು. "ಇಷ್ಟು ವರ್ಷ ಯಾಕೆ ಮುಂದೆ ಹಾಕಿದ್ದು ಅಂತ ಕೇಳ್ತಾರೆ ಸರ್. ಮನೆ ಕಷ್ಟ ಅಂತ ಹೇಳಿ."

ನಾನು ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಫ್ಯಾಮಿಲಿ ಡಿಫಿಕಲ್ಟೀಸ್, ಮೇಡಂ" ಎಂದೆ. ಮೇಡಂ ಮರುಗಿದರು. ಒಂದನೇ ತಾರೀಕಿನಿಂದ ಬರಲು ಹೇಳಿದರು. ಆಮೇಲೆ ಗಿರಿಜಕ್ಕನ ಕಡೆ ನೋಡಿ ಅರ್ಧ ಕನ್ನಡದಲ್ಲಿ, "ಇಂಗ್ಲಿಷ್ ಎಲ್ಲ ಇವರೇ ಕಲಿಸಿದ್ದಾ?" ಎಂದರು.

"ಹೌದು ಮೇಡಂ, ಎಲ್ಲ ಇವರೇ" ಎಂದರು ಗಿರಿಜಕ್ಕ, ಕಣ್ಣು ಮಿಟುಕಿಸದೆ.

ನಾನು ಅಲ್ಲ ಎನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ನಾರಾವಿಯವರೆಗೂ ಒಂದು ಮಾತೂ ಆಡಲಿಲ್ಲ.