ಅಕ್ಷರಸೇತು ರಿಪೇರಿ

ಹನ್ನೆರಡು ವರ್ಷಗಳ ಹಿಂದೆ, ಕಾಲೇಜಿನ ಹುರುಪಿನಲ್ಲಿ, ಅಭಿರಾಮ ತನ್ನ ಹೆಸರಿನ ಕೆಳಗೆ ಫೋನ್ ನಂಬರನ್ನೂ ಬರೆದುಬಿಟ್ಟಿದ್ದ. ಎಲ್ಲ ತೊಂದರೆಗೂ ಅದೇ ಮೂಲ.

ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಇಂದಿನ ಕಂಪ್ಯೂಟರುಗಳು ಓದುವಂತೆ ಮಾಡುವ ‘ಅಕ್ಷರಸೇತು’ ಎಂಬ ಪ್ರೋಗ್ರಾಮನ್ನು ಅವನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಹೆಸರು, ನಂಬರಿನ ಸಮೇತ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ. ಆಮೇಲೆ ನೌಕರಿ, ತಣಿಸಂದ್ರದಲ್ಲಿ ಫ್ಲ್ಯಾಟು, ಸಂಸಾರ ಎಂದು ಅದನ್ನು ಮರೆತೇಬಿಟ್ಟ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

“ಸಾರ್, ಯಲಹಂಕದಿಂದ ಮಜೀದ್. ಪ್ರಿಂಟಿಂಗ್ ಪ್ರೆಸ್ಸು ಇಟ್ಕೊಂಡಿದೀನಿ. ಹೊಸ ಕಂಪ್ಯೂಟರ್ ತಗೊಂಡೆ, ನಿಮ್ ಅಕ್ಷರಸೇತು ಓಡ್ತಾನೇ ಇಲ್ಲ. ಕೆಂಪು ಅಕ್ಷರದಲ್ಲಿ ಬೈತಾ ಇದೆ.”

“ಅದರಲ್ಲಿ ಹೊಸ ಪೈಥಾನ್ ಇರುತ್ತೆ ಸಾಹೇಬ್ರೇ, ನಾನು ಬರೆದಿದ್ದು ಹಳೇದಕ್ಕೆ. ಹಳೇ ಕಂಪ್ಯೂಟರಲ್ಲೇ ಮಾಡ್ಕೊಳ್ಳಿ.”

“ನಿನ್ನೆ ತಾನೇ ಗುಜರಿಗೆ ಹಾಕ್ದೆ ಸಾರ್! ಮತ್ತೆ ಟೈಪ್ ಮಾಡ್ಸೋಣ ಅಂದ್ರೆ ಟೈಪಿಸ್ಟು ಊರಿಗೆ ಹೋಗಿದಾನೆ.”

ಅಷ್ಟರಲ್ಲಿ ಇನ್ನೊಂದು ದನಿ ಫೋನನ್ನು ಕಿತ್ತುಕೊಂಡಿತು. “ಏನಪ್ಪಾ, ನಾನು ಅಮೃತಹಳ್ಳಿ ಲಕ್ಕಣ್ಣ. ನನ್ ಮಗಳ ಲಗ್ನಪತ್ರಿಕೆ ಐತೆ ಅದ್ರೊಳ್ಗೆ. ಸಂಜೆ ಐದಕ್ಕೆ ಪತ್ರಿಕೆ ಅಂಚಕ್ಕೆ ಮೂರು ಕಾರು ಒರಡ್ತವೆ. ನಿನ್ ಮನೆ ಎಲ್ಲಿ?”

ಅಭಿರಾಮ ಸಭ್ಯ ಮನುಷ್ಯ. ವಿಳಾಸ ಹೇಳಿದ. ಇಪ್ಪತ್ತು ನಿಮಿಷದಲ್ಲಿ ಗೇಟಿನ ಮುಂದೆ ಜೀಪು ನಿಂತಿತ್ತು. ಹಲ್ಲುಜ್ಜಿದ್ದೇನೋ ಇಲ್ಲವೋ ಎಂಬ ಅನುಮಾನ ಅವನಿಗೆ ಬಂದದ್ದು ಹೆಬ್ಬಾಳದ ಫ್ಲೈಓವರ್ ಕಣ್ಣಿಗೆ ಬಿದ್ದಾಗಷ್ಟೇ.

ಪ್ರೆಸ್ಸಿನಲ್ಲಿ ಅವನ ಕುರ್ಚಿಯ ಹಿಂದೆ ಲಕ್ಕಣ್ಣ, ಹೆಂಡತಿ ಸೊಣ್ಣಮ್ಮ ಮತ್ತು ಏಳೆಂಟು ನೆಂಟರು ಸಾಲಾಗಿ ನಿಂತರು, ಆಪರೇಷನ್ ನೋಡಲು ಬಂದವರ ಹಾಗೆ. ಹನ್ನೆರಡು ವರ್ಷದಲ್ಲಿ ಪೈಥಾನ್ ತನ್ನ ವ್ಯಾಕರಣವನ್ನೇ ಬದಲಿಸಿಕೊಂಡಿತ್ತು. ಒಂದು ಸಾಲನ್ನು ಸರಿಮಾಡಿದರೆ ಇನ್ನೆರಡು ಸಾಲುಗಳು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಮುಖ ಊದಿಸಿಕೊಂಡು ಕೂರುತ್ತಿದ್ದವು.

“ಅಳಿಯಂದ್ರೂ ಕಂಪ್ಯೂಟರ್ನೋರೇ ಅಲ್ವಾ? ಅವ್ರನ್ನೇ ಕೇಳಾನ,” ಎಂದಳು ಸೊಣ್ಣಮ್ಮ.

“ನಿಂಗೇನ್ ಬುದ್ಧಿ ಐತಾ? ತಾಳಿ ಕಟ್ಟಕ್ ಮುಂಚೆ ಅಳಿಯಂದ್ರ ಕೈಲಿ ಕೆಲ್ಸ ಮಾಡುಸ್ತಾರಾ?” ಎಂದು ಲಕ್ಕಣ್ಣ ಬಾಯಿ ಮುಚ್ಚಿಸಿದ.

ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಹಾಳೆ ಹೊರಬಿತ್ತು. ಲಕ್ಕಣ್ಣ ಕನ್ನಡಕ ಏರಿಸಿ ನೋಡಿದ. ಪ್ರತಿಯೊಂದು ಹೆಸರಿನ ಮುಂದೆಯೂ ಇಂಗ್ಲಿಷಿನ ‘ಬಿ’ ಅಂಟಿಕೊಂಡಿತ್ತು. ಬಿ ಲಕ್ಕಣ್ಣ, ಬಿ ಸೊಣ್ಣಮ್ಮ, ವಧು ಬಿ ಪದ್ಮಶ್ರೀ. ಕೊನೆಗೆ ಬಿ ಗಣೇಶಾಯ ನಮಃ ಕೂಡ.

“ನಮ್ ಇನಿಶಿಯಲ್ಲು ಕೆ.ಎಂ. ಕಣಪ್ಪ. ಇದ್ಯಾವುದು ಬಿ?”

“ಇನ್ಯಾರು? ಬೈರಪ್ಪ!” ಎಂದು ಹಿಂದಿನಿಂದ ಒಬ್ಬ ನೆಂಟ ಕೂಗಿದ. ಬೈರಪ್ಪ ಲಕ್ಕಣ್ಣನ ದಾಯಾದಿ. ಬೋರ್‌ವೆಲ್ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ.

“ನಿಜ ಏಳು, ಅವ್ನು ನಿಂಗೆ ಏನ್ ಕೊಟ್ಟ?” ಲಕ್ಕಣ್ಣ ಕುರ್ಚಿಯನ್ನೇ ತನ್ನ ಕಡೆಗೆ ತಿರುಗಿಸಿಕೊಂಡ.

ಹೊಸ ಪೈಥಾನಿಗೆ ಅಕ್ಷರ ಬೇರೆ, ಅಕ್ಷರವನ್ನು ಒಳಗೆ ಬಚ್ಚಿಡುವ ಅಂಕಿ ಬೇರೆ, ಎರಡನ್ನೂ ಬೆರೆಸಿದರೆ ಅದು ಹೀಗೆ ಬಿ ಹಚ್ಚಿ ತೋರಿಸುತ್ತದೆ ಎಂದು ಅಭಿರಾಮ ಬಿಡಿಸಿ ಹೇಳಿದ. ಯಾರೂ ನಂಬಲಿಲ್ಲ. ಬೈರಪ್ಪನ ಮುಖವನ್ನೇ ನೋಡಿಲ್ಲವೆಂದು ಹಾಳೆಯ ಮೇಲಿನ ಗಣೇಶನನ್ನು ಮುಟ್ಟಿ ಆಣೆ ಮಾಡಿದ ಮೇಲೆ ಕೀಲಿಮಣೆ ಮತ್ತೆ ಕೈಗೆ ಸಿಕ್ಕಿತು.

ಎರಡೂವರೆಗೆ ಬಿ ಮಾಯವಾಯಿತು. ಜೊತೆಗೆ ಒತ್ತಕ್ಷರಗಳೂ ಮಾಯವಾದವು. ಲಕ್ಕಣ್ಣ ‘ಲಕಣ’ನಾದ, ಸೊಣ್ಣಮ್ಮ ‘ಸೊಣಮ’ಳಾದಳು. ಪದ್ಮಶ್ರೀ ‘ಪದಶೀ’ಯಾಗಿ ಕುಳಿತಿದ್ದಳು.

“ಬಿ ಇದ್ರೂ ಪರ್ವಾಗಿಲ್ಲ, ವಾಪಸ್ ಆಕ್ಬುಡು,” ಎಂದಳು ಸೊಣ್ಣಮ್ಮ, ಅಳುವುದೊಂದು ಬಾಕಿ.

ನಾಲ್ಕೂಕಾಲಿಗೆ ಎಲ್ಲ ಸರಿಹೋಯಿತು. ಒತ್ತು, ದೀರ್ಘ, ಮುಹೂರ್ತ, ಊಟದ ಹೊತ್ತು, ಒಂದೂ ತಪ್ಪಿಲ್ಲ. ಮಜೀದ್ ಯಂತ್ರ ಚಾಲೂ ಮಾಡಿದ. ಲಕ್ಕಣ್ಣನಿಗೆ ಆನಂದ ಉಕ್ಕಿ ಬಂತು. ಕಾರಿನಲ್ಲಿದ್ದ ಮದುವೆ ಜವಳಿಯಿಂದ ರೇಷ್ಮೆ ಅಂಚಿನ ಶಾಲೊಂದನ್ನು ತರಿಸಿ ಅಭಿರಾಮನಿಗೆ ಹೊದಿಸಿದ. ಬೆಳಗಿನಿಂದ ಮೊದಲ ಸಲ ಅಭಿರಾಮನ ಬೆನ್ನು ನೆಟ್ಟಗಾಯಿತು. ಈ ಸಂಭ್ರಮವನ್ನು ಅಳಿಯನೂ ನೋಡಲೆಂದು ಲಕ್ಕಣ್ಣ ವಿಡಿಯೊ ಕಾಲ್ ಮಾಡಿದ.

“ನಿರಂಜನ್ನೋರೇ, ಈ ಉಡುಗ ನೋಡಿ, ಅಬಿರಾಮ ಅಂತ. ಅಕ್ಷರಸೇತು ಅನ್ನೋದನ್ನ ರಿಪೇರಿ ಮಾಡಿ ನಿಮ್ ಮದ್ವೆ ಉಳಿಸ್ದ!”

ತೆರೆಯ ಮೇಲಿನ ನಿರಂಜನ ಕಣ್ಣು ಕಿರಿದಾಗಿಸಿದ. “ಅಕ್ಷರಸೇತು ಅಭಿರಾಮ್ ಸಾರಾ? ಸಾರ್, ನೀವು... ಬದುಕಿದೀರಾ?”

“ಯಾಕ್ರೀ?”

“ಎರಡು ವರ್ಷದ ಹಿಂದೇನೇ ಅದನ್ನ ಪೂರ್ತಿ ಹೊಸ ಪೈಥಾನಿಗೆ ತಂದು ಕಳಿಸಿದ್ನಲ್ಲ ಸಾರ್! ನೀವು ನೋಡಿ, ಒಪ್ಪಿಗೆ ಅಂತ ಒಂದು ಬಟನ್ ಒತ್ತಿದ್ರೆ ಸಾಕಿತ್ತು. ಹದಿಮೂರು ಸಲ ನೆನಪಿಸ್ದೆ. ಫೋನ್ ಮಾಡಿ ತೊಂದ್ರೆ ಕೊಡೋದು ಬೇಡ ಅಂತ ಸುಮ್ನಿದ್ದೆ. ಕೊನೆಗೆ... ಹೋಗ್ಬಿಟ್ರೇನೋ ಅಂದ್ಕೊಂಡೆ.”

ಅಭಿರಾಮ ತನ್ನ ಫೋನಿನಲ್ಲಿ ಎಷ್ಟೋ ವರ್ಷದ ಮೇಲೆ ಅಕ್ಷರಸೇತುವಿನ ಪುಟ ತೆರೆದ. ನಿರಂಜನ ಕಳಿಸಿದ್ದು ಅಲ್ಲೇ ಇತ್ತು, ಬಿ ಇಲ್ಲದೆ, ಒತ್ತಕ್ಷರ ಸಮೇತ. ಅದರ ಕೆಳಗೆ ಅವನದೇ ಕೊನೆಯ ಟಿಪ್ಪಣಿ: “ಇದನ್ನು ಬರೆದವರು ಈಗ ನಮ್ಮೊಂದಿಗಿಲ್ಲವೆಂದು ತೋರುತ್ತದೆ. ಅವರ ಆತ್ಮಕ್ಕೆ ಶಾಂತಿ ಸಿಗಲಿ.” ಅದಕ್ಕೆ ನಲವತ್ತೊಂದು ಮಂದಿ ಕೈ ಮುಗಿದಿದ್ದರು.

ಲಕ್ಕಣ್ಣನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಬೇಕಾದಷ್ಟು ಅರ್ಥವಾಯಿತು.

“ಅಂದ್ರೆ ರಿಪೇರಿ ಮಾಡಿದ್ದು ನಮ್ ಅಳಿಯಂದ್ರು!” ಎಂದವನೇ ಅಭಿರಾಮನ ಹೆಗಲಿನಿಂದ ಶಾಲು ತೆಗೆದು, ನೀಟಾಗಿ ಮಡಚಿ ಸೊಣ್ಣಮ್ಮನ ಕೈಗೆ ಕೊಟ್ಟ. “ಎತ್ತಿಡು, ಮಂಟಪದಲ್ಲಿ ಒದಿಸಾನ.”

ಐದಕ್ಕೆ ಸರಿಯಾಗಿ ಮೂರು ಕಾರುಗಳೂ ಜೀಪೂ ಪತ್ರಿಕೆ ಹಂಚಲು ಹೊರಟವು. ತಣಿಸಂದ್ರದ ಕಡೆಗೆ ಯಾವುದೂ ಹೋಗುವಂತಿರಲಿಲ್ಲ. ಅಭಿರಾಮ ಬಸ್‌ಸ್ಟಾಪಿನಲ್ಲಿ ನಿಂತು ನಿರಂಜನನ ಕೆಲಸಕ್ಕೆ ಒಪ್ಪಿಗೆಯ ಬಟನ್ ಒತ್ತಿದ. ಸತ್ತ ಸುದ್ದಿಯನ್ನು ಹಾಗೇ ಬಿಡಬಾರದಲ್ಲ ಎಂದು ಅದರ ಕೆಳಗೆ ಎರಡೇ ಪದ ಬರೆದ: “ನಾನು ಬದುಕಿದ್ದೇನೆ.”

ಬಸ್ಸು ಬರುವಷ್ಟರಲ್ಲಿ ಫೋನು ನಡುಗತೊಡಗಿತು. ಮೊದಲ ಸಂದೇಶ ಯಾರೋ ಗೋಪಾಲಮ್ಮನದು. “ಬದುಕಿದ್ದೀರಾ ಸಾರ್? ತುಂಬಾ ಸಂತೋಷ. ಇಲ್ಲಿ ಒಂದು ಸಣ್ಣ ತೊಂದರೆ ಆಗಿದೆ, ಸ್ವಲ್ಪ ನೋಡ್ತೀರಾ?”

ಮನೆ ಸೇರುವ ಹೊತ್ತಿಗೆ ಅಂಥವು ಅರವತ್ತೆರಡು.